ವೆಂಡೆಲ್ ಕೊಟ್ಟ ಉತ್ತರ

ಕೆಟ್ಟ ಕಾನೂನನ್ನು ಜ್ಯೂರಿ ತಿರಸ್ಕರಿಸಬಹುದೆಂದು ಅಮೆರಿಕದ ಮೊಂಟಾನಾದ ಕಾಫಿ ಅಂಗಡಿಗಳಲ್ಲಿ ಅರ್ಧ ಆಯುಷ್ಯ ವಾದಿಸಿದ್ದ ಬಡಗಿ ವೆಂಡೆಲ್‌ಗೆ ಕೊನೆಗೂ ಜ್ಯೂರಿಯ ಕರೆ ಬಂದಿತ್ತು. ಸೂಲಗಿತ್ತಿ ಲೋರ್ನಾ ಪರವಾನಗಿಯಿಲ್ಲದೆ ಹೆರಿಗೆ ಮಾಡಿಸಿದ್ದಳೆಂಬುದು ಮೊಕದ್ದಮೆ. ಜ್ಯೂರಿಯಾಗಿ ಕೂತು ತೀರ್ಪು ಹೇಳುವ ಹನ್ನೆರಡು ಸಾಮಾನ್ಯ ಮಂದಿಯಲ್ಲಿ ಒಬ್ಬನೇ ಒಬ್ಬ ಒಪ್ಪದಿದ್ದರೂ ಅವಳಿಗೆ ಶಿಕ್ಷೆಯಾಗುವಂತಿರಲಿಲ್ಲ.

"ಇವತ್ತೊಂದಿನ ಬಾಯಿ ಮುಚ್ಕೊಂಡಿರಯ್ಯಾ, ಭಾಷಣ ಆಮೇಲೆ ಬಿಗಿಯುವಂತೆ," ಎಂದು ಗೆಳೆಯ ಹಾರ್ಲನ್ ನ್ಯಾಯಾಲಯದ ಬಾಗಿಲವರೆಗೂ ಬಂದು ಎಚ್ಚರಿಸಿದ್ದ.

ಜ್ಯೂರಿಗೆ ಆರಿಸುವ ಮುನ್ನ ನ್ಯಾಯಾಧೀಶೆ ಪ್ರಮಾಣ ಮಾಡಿಸಿ ವೆಂಡೆಲ್‌ನನ್ನು ಕೇಳಿದಳು: "ಕಾನೂನು ನಿಮಗೆ ತಪ್ಪು ಅನ್ನಿಸಿದ್ರೂ ನಾನು ಹೇಳಿದ ಹಾಗೆ ಪಾಲಿಸ್ತೀರಾ?"

ಹೌದೆಂದಿದ್ದರೆ ಸಾಕಿತ್ತು. ಆದರೆ ಪ್ರಮಾಣ ಮಾಡಿ ಸುಳ್ಳಾಡುವುದು ಸರ್ಕಾರದವರ ಕಸುಬೆಂದು ಜೀವಮಾನವೆಲ್ಲ ಹಂಗಿಸಿದವನು ಅವನು.

"ತಪ್ಪು ಕಾನೂನಾದ್ರೆ ಪಾಲಿಸಲ್ಲ, ಮೇಡಂ."

"ಸರಿ. ನೀವು ಮನೆಗೆ ಹೋಗ್ಬಹುದು."

ಲೋರ್ನಾ ತಲೆ ತಗ್ಗಿಸಿದಳು. ಅದೇ ಪ್ರಶ್ನೆಗೆ ಹೌದೆಂದ ಹೆಂಗಸೊಬ್ಬಳು ಅವನ ಕುರ್ಚಿಯಲ್ಲಿ ಬಂದು ಕುಳಿತಳು.

"ನಿಜ ಹೇಳ್ಬಿಟ್ಯಾ?" ಹೊರಗೆ ಹಾರ್ಲನ್ ಕೇಳಿದ.

"ಹೇಳ್ದೆ."

"ಒಳ್ಳೇದಾಯ್ತು. ನಿನ್ನ ಮರ್ಯಾದೆ ಉಳೀತು, ಅವಳು ಜೈಲಿಗೆ ಹೋಗ್ತಾಳೆ."

ಮರುದಿನ ಮಧ್ಯಾಹ್ನ, ಊಟಕ್ಕೂ ಏಳದೆ, ಹನ್ನೆರಡು ಮಂದಿಯೂ ಒಮ್ಮತದಿಂದ ಲೋರ್ನಾಳನ್ನು ಅಪರಾಧಿ ಎಂದರು.