ಯವ್ವ ಸೋಸಿದ ನೀರು

ತುರ್ವಿಹಾಳದ ಮನೆಯ ನೀರಿನ ಹನಿಯೊಂದನ್ನು ಮಮತಾ ಸುಮ್ಮನೆ ಸೂಕ್ಷ್ಮದರ್ಶಕದಡಿ ಇಟ್ಟಳು. ಇಟ್ಟು ಕೆಟ್ಟಳು ನೋಡಿ! ಹಲ್ಲುಹಲ್ಲಿನ ಚಕ್ರದಂಥ ಪಾಚಿ ಕಂಡಿತು. ತನ್ನ ಪ್ರಬಂಧದ ತುಂಬ ಇರುವುದೂ ಅದೇ.

ಲಿಂಗಸುಗೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಅವಳು ಡಾಕ್ಟರೇಟಿಗೆ ದುಡಿಯುತ್ತಿದ್ದಳು. ಒಂದು ಕಾಲಕ್ಕೆ ಕಡಲ ತಳವಾಗಿದ್ದ ತಮಿಳುನಾಡಿನ ಹಳೆಯ ಕಲ್ಲನ್ನು ದೊಡ್ಡ ಲ್ಯಾಬಿನಲ್ಲಿ ಆಸಿಡ್ ಹಾಕಿ ಕರಗಿಸಿದರೆ ಕರಿ ಗಸಿ ಉಳಿಯುತ್ತದೆ. ಅದರಲ್ಲಿ ಜರೀಗಿಡದ ಬೀಜಕಣ ಹೆಚ್ಚಿದ್ದರೆ ಆ ಕಾಲದಲ್ಲಿ ದಂಡೆ ಹತ್ತಿರವಿತ್ತು. ಕಡಲ ಪಾಚಿಯ ಮುಳ್ಳುಕೋಶಗಳೇ ಇದ್ದರೆ ನಡುಗಡಲು. ಇವಳಿಗೆ ಸಿಹಿನೀರಿನ ಚಕ್ರಪಾಚಿಯೂ ಸಿಕ್ಕಿತ್ತು. ಅಲ್ಲೊಂದು ನದಿ ಸಮುದ್ರ ಸೇರುತ್ತಿತ್ತು ಎಂದು ಬರೆದದ್ದೂ ಆಗಿತ್ತು. ಸೋಮವಾರ ಒಪ್ಪಿಸುವುದಷ್ಟೇ ಬಾಕಿ.

ಭಟ್ಟಿ ಇಳಿಸಿದ ನೀರು ಮುಗಿದ ದಿನ, ಯವ್ವ ಯಮನಮ್ಮ ಕೊಟ್ಟು ಕಳಿಸಿದ ಕಾಲುವೆ ನೀರಿನಲ್ಲಿ ಗಸಿ ತೊಳೆದದ್ದು ಈಗ ನೆನಪಾಯಿತು. ಆ ಚಕ್ರಗಳು ಕಲ್ಲಿನವೋ ಕಾಲುವೆಯವೋ ಎಂದು ಯವ್ವನಿಗೆ ಫೋನು ಮಾಡಿದಳು.

"ಮೂರು ಮಡಿಕಿ ಸೀರ್ಯಾಗ ಸೋಸೀನಿ. ನನ್ನ ನೀರಿಗೆ ಹೆಸರಿಡ್ತೀಯೇನ?" ಯಮನಮ್ಮ ಫೋನಿನಲ್ಲೇ ಸಿಡಿದಳು.

"ಸೀರ್ಯಾಗ ಕಸ ನಿಲ್ತೈತಿಬೇ. ಈ ಸಣ್ಣ ಪಾಚಿ ನಿಲ್ಲಂಗಿಲ್ಲ."

ಮಾರ್ಗದರ್ಶಕ ಶಿವಶರಣಪ್ಪನವರು ಬೇರೆಯದೇ ಹೇಳಿದರು. "ಯಾರು ನೋಡಾಕ ಬರ್ತಾರವ್ವಾ? ಕೊಟ್ಟುಬಿಡು."

"ನಾನಾ ನೋಡೀನಲ್ರೀ ಸರ್."

"ಇನ್ನೂ ತೊಳೀಲಾರದ ಗಸಿ ಎಷ್ಟು ಉಳಿದೈತಿ?"

"ಒಂದು ಚಮಚಾ."

"ಅದೂ ಹಾಳಾದ್ರ ಎಲ್ಲಾ ಮುಗೀತು, ತಿಳೀತಿಲ್ಲ?"

ತಿಳಿದಿತ್ತು. ಸಿಂಧನೂರಿಗೆ ಹೋಗಿ ನನ್ನೇಸಾಬನ ಬ್ಯಾಟರಿ ಅಂಗಡಿಯಲ್ಲಿ ಭಟ್ಟಿ ನೀರಿನ ಕ್ಯಾನು ಕೊಂಡಳು. ಈ ಸಲ ಮೊದಲು ಬರೀ ನೀರನ್ನೇ ಪರೀಕ್ಷಿಸಿದಳು. ಒಂದು ಪಾಚಿಯೂ ಇರಲಿಲ್ಲ. ಆದರೆ ಗಸಿಯಿಂದ ಮರಳು ಬಿಡಿಸಲು ಗಾಜಿನ ಬಟ್ಟಲು ತಿರುಗಿಸಿದರೆ ಮರಳೂ ಗಸಿಯೂ ಕೂಡಿಯೇ ಮೇಲೆದ್ದವು.

ಮಸ್ಕಿ ಬಸ್ಸು ಹಿಡಿದು ಲಿಂಗಸುಗೂರಿಗೆ ಬಂದಿದ್ದ ಯಮನಮ್ಮ ಬಟ್ಟಲು ಕಸಿದುಕೊಂಡಳು. "ಇಲ್ಲಿ ಕೊಡು. ಅಕ್ಕಿ ಒಳಗಿನ ಹಳ್ಳು ನಲ್ವತ್ತು ವರ್ಷ ತೆಗದೀನಿ."

ಮೆಲ್ಲಗೆ ತಿರುಗಿಸಿದಳು. ಮರಳು ತಳಕ್ಕೆ ಕುಳಿತಿತು. ತೇಲಿದ್ದನ್ನು ಮಮತಾ ಹನಿಹನಿಯಾಗಿ ಎತ್ತಿಕೊಂಡಳು.

ಮರುದಿನ ಸಂಜೆವರೆಗೂ ನೋಡಿದಳು. ಮುಳ್ಳುಕೋಶಗಳು ಸಾಲುಸಾಲಾಗಿ ಸಿಕ್ಕವು. ಚಕ್ರ ಒಂದೂ ಇಲ್ಲ.

"ಹೊಳಿ ಇಲ್ಲೇನು?" ಯಮನಮ್ಮ ಕೇಳಿದಳು.

"ಇಲ್ಲಬೇ. ಬರೇ ಸಮುದ್ರ." ಅಳು ಬಂತು, ನಗುವೂ ಬಂತು. ನದಿಯ ಅಧ್ಯಾಯದ ನಲವತ್ತು ಪುಟಗಳನ್ನು ಒಂದೇ ಗೀಟು ಎಳೆದು ಹೊಡೆದುಹಾಕಿದಳು. "ಮೊದಲಿಂದ ಬರೀಬೇಕು."

"ಬರಿ," ಎಂದಳು ಯಮನಮ್ಮ. "ಬುತ್ತಿ ತಂದುಕೊಡ್ತೀನಿ. ನೀರು ಮಾತ್ರ ತರಂಗಿಲ್ಲ."