ಮೂಲೆಯ ಬಸವನಹುಳು

ಕಣ್ರೆಪ್ಪೆ ಸೂಕ್ಷ್ಮದರ್ಶಕದ ಗಾಜಿಗೆ ತಾಗಿ ತಾಗಿ ಎಲ್ಲ ಮಂಜಾಗುತ್ತಿದೆ, ತಿರುಪು ತಿರುಗಿಸಿದರೆ ಬರೀ ಬೆಳಕು, ಇನ್ನೊಂದಿಷ್ಟು ತಿರುಗಿಸಿದರೆ ಅಗೋ, ಉಗುರಿನಷ್ಟು ಚಿಪ್‌ನಲ್ಲಿ ಊರಿಗೆ ಊರೇ, ಲೆಕ್ಕ ಮಾಡುವ ಭಾಗ, ನೆನಪಿಡುವ ಭಾಗ, ರೇಡಿಯೋ, ಅಂಚಿನಲ್ಲಿ ತಾನು ಮಾಡಿದ್ದು, ಎಲ್ಲರಿಗೂ ಅಳೆದು ಕರೆಂಟು ಬಡಿಸುವ ಭಾಗ, ವಯಸ್ಸಾದ ಅತ್ತೆಗೆ ಉಗ್ರಾಣದ ಪಕ್ಕ ಮಂಚ ಹಾಕಿಕೊಟ್ಟ ಹಾಗೆ ಮೂಲೆಗೆ ಒತ್ತಿದ್ದಾಳೆ ಗುಬ್ಬಿ — ಆ ಹೆಸರಿಟ್ಟವಳೂ ತಾನೇ, ಕೆಲಸಕ್ಕೆ ಸೇರಿದ ದಿನ ಕುರ್ಚಿಯ ತುದಿಯಲ್ಲಿ ಕೂತಿದ್ದ ಹುಡುಗಿಗೆ, ಅಕ್ಕಾ ಇದು ಹೇಗಕ್ಕಾ ಎಂದು ಬೆನ್ನುಬಿದ್ದವಳಿಗೆ, ಈಗ ಎಲ್ಲರ ಭಾಗಗಳನ್ನೂ ಸೇರಿಸಿ ಒಂದೇ ಚಿಪ್ ಮಾಡುವ ಕೆಲಸ ಅವಳಿಗೆ, ಮ್ಯಾನೇಜರು ಓಣಿಯಲ್ಲಿ ನಿಲ್ಲಿಸಿ ಹೇಳಿದ್ದು, ನೀವು ದೊಡ್ಡವ್ರು, ನಿಮಗ್ಯಾಕೆ ಈ ಓಡಾಟ, ಆ ಹುಡುಗಿ ಮಾಡ್ಲಿ ಬಿಡಿ, ದೊಡ್ಡವರಂತೆ, ದಾರಿ ಬಿಡಿ ಅನ್ನುವುದಕ್ಕೆ ಎಂಥಾ ಮರ್ಯಾದೆಯ ಮಾತು, ತಾನು ನಕ್ಕು ತಲೆಯಾಡಿಸಿದ್ದೇನು, ಕೈಲಿದ್ದ ಕಾಗದದ ಅಂಚಿನಲ್ಲಿ ಪೆನ್ನು ತನ್ನಷ್ಟಕ್ಕೇ ಬಸವನಹುಳು ಬಿಡಿಸುತ್ತಿತ್ತು.

ಮೊದಲು ಹೀಗಿರಲಿಲ್ಲ, ಅಂಗೈಯಗಲದ ಹಸಿರು ಬೋರ್ಡು, ಅದರ ಮೇಲೆ ಒಬ್ಬೊಬ್ಬರದು ಒಂದೊಂದು ಕರೀ ಚಿಪ್, ಇದು ನಂದು ನೋಡೇ ಎಂದು ಮಗಳಿಗೆ ಬೆರಳಿಟ್ಟು ತೋರಿಸಿದ್ದಳು, ಒಬ್ಬರದು ಕೆಟ್ಟರೆ ಅದೊಂದನ್ನೇ ಕಿತ್ತು ಬೇರೆ ಬೆಸುಗೆ ಹಾಕಿದರಾಯಿತು, ಈಗ ಒಂದು ಕೆಟ್ಟರೆ ಎಲ್ಲ ಕಸದ ಬುಟ್ಟಿಗೆ, ಹಿಂದಿನ ಮೇಜಿನಲ್ಲಿ ಗುಬ್ಬಿ ಇಂಥದೇ ಇನ್ನೊಂದಕ್ಕೆ ತಂತಿ ಜೋಡಿಸುತ್ತಿದ್ದಾಳೆ, ಕಾರ್ಖಾನೆಯಿಂದ ಬಂದದ್ದಕ್ಕೆ ಮೊದಲ ಸಲ ಕರೆಂಟು, ಮ್ಯಾನೇಜರು ಆಗಲೇ ಕೇಕು ತರಿಸಿಟ್ಟಿದ್ದಾರೆ, ಚಿಪ್ ಏಳದಿರಲಿ — ಥೂ, ಎಂಥಾ ಬುದ್ಧಿ — ಆದರೂ ಏಳದಿರಲಿ, ಆ ಮುಖ ಒಮ್ಮೆ ಸಪ್ಪಗಾಗಲಿ, ಆದರೆ ಎಲ್ಲಕ್ಕಿಂತ ಮೊದಲು ಏಳಬೇಕಾದದ್ದು ತನ್ನ ಭಾಗವೇ, ಅದು ಎದ್ದರೆ ತಾನೇ ಉಳಿದವು, ಸತ್ತರೆ ತನ್ನಿಂದ ಸತ್ತಿತು ಎನ್ನುತ್ತಾರೆ, ಬದುಕಿದರೆ ಗುಬ್ಬಿಯ ಚಿಪ್ ಎನ್ನುತ್ತಾರೆ, ನೆಮ್ಮದಿಯಾಗಿ ಹೊಟ್ಟೆಕಿಚ್ಚು ಪಡಲಿಕ್ಕೂ ಜಾಗ ಉಳಿಸಿಲ್ಲವಲ್ಲ ಇವಳು.

ಚಿಪ್‌ನ ಖಾಲಿ ಉಳಿದ ಮೂಲೆಯಲ್ಲಿ, ಭಾಗಗಳನ್ನು ಸೇರಿಸಿದವರು ಒಂದು ಪುಟ್ಟ ಚಿತ್ರ ಬಿಡಿಸುವುದು ಇಲ್ಲಿನವರ ಹಳೇ ಚಾಳಿ, ಮೇಲಿನ ಲೋಹದ ಪದರದಲ್ಲಿ, ಬರಿಗಣ್ಣಿಗೆ ಕಾಣದಂತೆ, ತನ್ನ ಸರದಿ ಬಂದರೆ ಬಸವನಹುಳು ಎಂದುಕೊಂಡಿದ್ದಳು, ಮೀಟಿಂಗು ಬೇಸರವಾದಾಗಲೆಲ್ಲ ಬಿಡಿಸುತ್ತಿದ್ದ ಅದೇ ಬೋಳು ಬಸವನಹುಳು, ಇದಕ್ಯಾಕಕ್ಕಾ ಕೊಂಬಿಲ್ಲ ಎಂದು ಗುಬ್ಬಿ ಒಮ್ಮೆ ಕೇಳಿದ್ದಳು, ನಾಚ್ಕೆ ಕಣೇ, ಒಳಗೆಳ್ಕೊಂಡಿದೆ, ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದರು, ಸರಿ, ಈ ಮಹಾರಾಣಿ ಏನು ಬಿಡಿಸಿದ್ದಾಳೋ ನೋಡೋಣ, ತನ್ನ ಮುಖವನ್ನೇ ಇರಬೇಕು, ಚಿಪ್ ಮೆಲ್ಲಗೆ ಸರಿಯುತ್ತದೆ, ತನ್ನ ಭಾಗದ ಅಂಚು, ಮೂಲೆ, ಒಂದು ಸುರುಳಿ — ಬಸವನಹುಳು, ಅದನ್ನೂ ಬಿಡಲಿಲ್ಲವೇ ಇವಳು — ಅಕ್ಕಾ, ಸ್ವಿಚ್ ಹಾಕ್ಲಾ — ಕದ್ದದ್ದೋ, ಕೊಟ್ಟದ್ದೋ, ತನ್ನನ್ನು ಮೂಲೆಗೆ ಒತ್ತಿದ್ದು ಇದರ ಪಕ್ಕದಲ್ಲಿರಲಿ ಎಂದೋ, ಕೇಳಬಾರದು, ಕೇಳಿದರೆ ನಿಮಗೇ ಅಕ್ಕಾ ಎಂದುಬಿಡುತ್ತಾಳೆ, ಆಮೇಲೆ ಈ ಉರಿಯನ್ನು ಎಲ್ಲಿಡುವುದು — ಅಕ್ಕಾ, ಬನ್ನಿ, ನೀವೇ ಹಾಕಿ — ರೆಪ್ಪೆ ಮತ್ತೆ ಗಾಜಿಗೆ ತಾಗುತ್ತದೆ, ಮಂಜು, ತಿರುಪು, ಬೆಳಕು, ಬಸವನಹುಳು, ಅದಕ್ಕೆ ಎರಡು ಕೊಂಬು, ನೆಟ್ಟಗೆ, ಹೊರಗೆ ಚಾಚಿಕೊಂಡು.