ಮುರಿದ ಸೂಜಿಯ ಮೊನೆ

ಎಳೆಗೂಸುಗಳ ಕೌದಿ ಹೊಲಿಯುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಸೂಜಿಯಕ್ಕ ಎನ್ನುತ್ತಿದ್ದರು. ಎದುರಿಗೆ ಒಂದು ದನಿಯಲ್ಲಿ, ಬೆನ್ನ ಹಿಂದೆ ಇನ್ನೊಂದು ದನಿಯಲ್ಲಿ. ಅವಳ ಕೆಲಸವೇ ಅಂಥದ್ದು. ಯಂತ್ರದ ಸೂಜಿ ಮುರಿದರೆ ಹೊಲಿಯುವವಳು ಕೈಯೆತ್ತಬೇಕು. ಸೂಜಿಯಕ್ಕ ಬಂದು ತುಂಡುಗಳನ್ನೆಲ್ಲ ಹುಡುಕಿ, ಇಡೀ ಸೂಜಿಯಾಗುವಂತೆ ಹಾಳೆಯ ಮೇಲೆ ಜೋಡಿಸಿ ಅಂಟಿಸಿ, ಪುಸ್ತಕದಲ್ಲಿ ಬರೆದು ಹೊಸ ಸೂಜಿ ಕೊಡುವಳು. ಎಳ್ಳುಕಾಳಿನಷ್ಟು ಚೂರು ಸಿಗದಿದ್ದರೂ ಆ ದಿನ ಆ ಯಂತ್ರದಲ್ಲಿ ಹೊಲಿದ ಕೌದಿಗಳನ್ನೆಲ್ಲ ಬಿಚ್ಚಿ ನೋಡಲೇಬೇಕು. ಏನು ಚುಚ್ಚಿತೆಂದು ಹೇಳಲು ಎಳೆಗೂಸಿಗೆ ಮಾತು ಬರುವುದಿಲ್ಲವಲ್ಲ.

ಈ ವಿಷಯದಲ್ಲಿ ಅವಳು ಯಾರ ಮುಲಾಜಿಗೂ ಬೀಳುತ್ತಿರಲಿಲ್ಲ. ಕಿಟಕಿ ಪಕ್ಕದ ಯಂತ್ರದಲ್ಲಿ ಹೊಲಿಯುತ್ತಿದ್ದವಳು ಅವಳ ಒಡಹುಟ್ಟಿದ ತಂಗಿಯೇ. ಚೂರು ಕಳೆದು ಮೂರು ಸಲ ಪುಸ್ತಕಕ್ಕೆ ಬಂದವರು ಕೆಲಸ ಬಿಡಬೇಕು ಎಂಬುದು ನಿಯಮ. ತಂಗಿಯ ಹೆಸರು ಆಗಲೇ ಎರಡು ಸಲ ಬಂದಿತ್ತು, ಎರಡು ಸಲವೂ ಅಕ್ಕನ ಅಕ್ಷರದಲ್ಲೇ. ಎರಡನೆಯ ಸಲ ತಂಗಿ ಒಂದು ವಾರ ಮಾತು ಬಿಟ್ಟಳು. ಇಬ್ಬರೇ ಇರುವ ಮನೆಯಲ್ಲಿ ಒಬ್ಬಳು ಮಾತು ಬಿಟ್ಟರೆ ಇನ್ನೊಬ್ಬಳು ಗೋಡೆಯ ಜೊತೆ ಮಾತಾಡಬೇಕು. ಅಕ್ಕ ಅದನ್ನೂ ಮಾಡಲಿಲ್ಲ. "ನಿಯಮ ನಾನು ಮಾಡಿದ್ದಲ್ಲ" ಎಂದು ಊಟದ ತಟ್ಟೆ ಮುಂದಿಟ್ಟಳು.

ತಾಯಿ ಸತ್ತಾಗ ಆರು ವರ್ಷದವಳಾಗಿದ್ದ ಈ ತಂಗಿಯನ್ನು ಸಾಕಿದವಳು ಅವಳು. ತನಗೆ ಮದುವೆ ಬೇಡವೆಂದು ತಂಗಿಗೆ ಮಾಡಿದಳು, ತಂಗಿಯ ಗಂಡ ತೀರಿಕೊಂಡ ಮೇಲೆ ಹೋಗಿ ಕರೆದುಕೊಂಡು ಬಂದಳು. ಇಷ್ಟೆಲ್ಲ ಮಾಡಿದವಳಿಗೆ ಒಂದು ಮೆತ್ತಗಿನ ಮಾತಾಡಲು ಏನು ಧಾಡಿ ಎಂದು ಯಾರಾದರೂ ಕೇಳಬಹುದು. ಅವಳಿಗೆ ಅದು ಬರುತ್ತಿರಲಿಲ್ಲ, ಅಷ್ಟೇ.

ಒಂದು ಸೋಮವಾರ ಮಧ್ಯಾಹ್ನ ತಂಗಿ ಕೈಯೆತ್ತಿದಳು. ಮುರಿದ ಸೂಜಿಯ ಬುಡ ಯಂತ್ರದಲ್ಲೇ ಇತ್ತು, ನಡುವಿನ ತುಂಡು ಬಟ್ಟೆಯ ಮೇಲೆ ಸಿಕ್ಕಿತು, ಮೊನೆ ಮಾತ್ರ ಇಲ್ಲ. ಅಕ್ಕ ನೆಲದುದ್ದಕ್ಕೂ ಅಯಸ್ಕಾಂತ ಎಳೆದಳು, ಯಂತ್ರದ ಹೊಟ್ಟೆ ಬಿಚ್ಚಿದಳು, ಮೊಣಕಾಲೂರಿ ಮೇಜಿನ ಕೆಳಗಿನ ನೂಲು ದೂಳನ್ನೆಲ್ಲ ಬೆರಳಲ್ಲಿ ಜಾಲಾಡಿದಳು. ತಂಗಿ ಎಡಗೈಯನ್ನು ಮೇಲಂಗಿಯ ಜೇಬಿನಲ್ಲಿಟ್ಟುಕೊಂಡು ನಿಂತಿದ್ದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಇದು ಮೂರನೆಯ ಸಲ, ಹೆದರಿದ್ದಾಳೆ ಎಂದುಕೊಂಡಳು ಅಕ್ಕ.

ಆ ಮುಖ ನೋಡಿಯೇ ಅವಳ ಮನಸ್ಸು ಜಾರಿತು. ತನ್ನ ಮೇಜಿಗೆ ಹೋಗಿ, ಹಳೆಯ ಹಾಳೆಯೊಂದರಿಂದ ಅದೇ ಅಳತೆಯ ಸೂಜಿಯ ಮೊನೆಯನ್ನು ಉಗುರಿನಲ್ಲಿ ಎಬ್ಬಿಸಿ ತೆಗೆದು, ತಂಗಿಯ ಹಾಳೆಗೆ ಅಂಟಿಸಿದಳು. 'ಪೂರ್ತಿ ಸಿಕ್ಕಿದೆ' ಎಂದು ಬರೆದಳು. ಹದಿನೆಂಟು ವರ್ಷಗಳಲ್ಲಿ ಆ ಪುಸ್ತಕ ಕಂಡ ಮೊದಲ ಸುಳ್ಳು ಅದು.

"ಸಿಕ್ತಾ?" ಎಂದಳು ತಂಗಿ.

"ಸಿಕ್ತು. ಕೂತ್ಕೊಂಡು ಕೆಲಸ ನೋಡು."

"ನಿಜವಾಗ್ಲೂ ಸಿಕ್ತಾ, ಮೊನೆ?"

"ಎಷ್ಟು ಸಲ ಹೇಳ್ಬೇಕು ನಿನಗೆ?"

ತಂಗಿ ಉಸಿರು ಬಿಟ್ಟು ಕೂತಳು. ಆ ದಿನದ ಮೂವತ್ತು ಕೌದಿಗಳು ಮಡಿಕೆಯಾಗಿ ಗೋದಾಮಿಗೆ ಹೋದವು. ಮುಂದಿನ ವಾರ ಲಾರಿ ಬರುವುದಿತ್ತು.

ಅಂದಿನಿಂದ ಕೆಳಗಿನ ಮನೆಯ ಮಗು ಅತ್ತರೆ ಸಾಕು, ಅಕ್ಕ ಕೈಯ ಕೆಲಸ ಬಿಟ್ಟು ಕಿವಿಗೊಡುತ್ತಿದ್ದಳು. ಹತ್ತಿಯೊಳಗೆ ಹುದುಗಿದ ಮೊನೆ ದಿನಕ್ಕಿಷ್ಟು ಮೇಲೆ ಬರುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಯಾವುದೋ ತಾಯಿ ಮಗುವನ್ನು ಬೆಚ್ಚಗೆ ಸುತ್ತಿ ಎದೆಗೆ ಒತ್ತಿಕೊಳ್ಳುವುದು ಕಣ್ಣಿಗೆ ಕಟ್ಟುತ್ತಿತ್ತು. ಇದೇ ಗುಂಗಿನಲ್ಲಿ ಮನೆಯೊಳಗಿನದು ಅವಳಿಗೆ ಕಾಣಲಿಲ್ಲ. ತಂಗಿ ಎಡಗೈ ತೋರುಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ತರಕಾರಿ ಹೆಚ್ಚುವಾಗ ಕುಯ್ದುಕೊಂಡೆ ಎಂದಳು. ಮುಲಾಮಿನ ಡಬ್ಬಿ ಅವಳ ಮುಂದೆ ತಳ್ಳಿ ಅಕ್ಕ ತನ್ನ ಯೋಚನೆಗೆ ಮರಳಿದಳು. ಸಾವಿರ ಕೌದಿಗಳ ಮೇಲೆ ಅಂಗೈ ಆಡಿಸಿ ಪರೀಕ್ಷೆ ಮಾಡಿದವಳು ಆ ಒಂದು ಬೆರಳಿನ ಬಟ್ಟೆ ಬಿಚ್ಚಿ ನೋಡಲಿಲ್ಲ.

ಲಾರಿ ಬರುವ ಹಿಂದಿನ ದಿನ ಅವಳಿಂದ ತಡೆಯಲಾಗಲಿಲ್ಲ. ಬೆಳಿಗ್ಗೆಯೇ ಮೇಲ್ವಿಚಾರಕನ ಕೋಣೆಗೆ ಹೋಗಿ ನಿಂತಳು. ನಗುವುದಕ್ಕೂ ಮೇಲಿನವರ ಅಪ್ಪಣೆ ಕಾಯುವ ಮನುಷ್ಯ ಅವನು. ತಂಗಿಯ ಹಾಳೆಯಲ್ಲಿರುವ ಮೊನೆ ಬೇರೆ ಸೂಜಿಯದು ಎಂದಳು. ನಿಜ ಹೇಳಲೆಂದು ಹೋದವಳು ಅಲ್ಲೂ ಅರ್ಧ ಸುಳ್ಳೇ ಹೇಳಿದಳು: "ಅವಳದೇನೂ ತಪ್ಪಿಲ್ಲ. ಮೊನೆ ಸಿಕ್ಕಿತ್ತು. ಅಂಟಿಸುವಾಗ ನನ್ನ ಕೈಯಿಂದ್ಲೇ ಜಾರಿ ಕೌದಿಗಳ ಮೇಲೆ ಬಿತ್ತು, ಮುಚ್ಚಿಟ್ಟೆ."

ಅವನು ಕೂಗಾಡಲಿಲ್ಲ. ಮೂವತ್ತು ಕೌದಿಗಳನ್ನೂ ಗೋದಾಮಿನಿಂದ ತರಿಸಿ ಅಕ್ಕತಂಗಿಯರ ಮುಂದೆ ಹಾಕಿಸಿದ. ಸಿಕ್ಕಿದ ಮೊನೆ ಅಕ್ಕನ ಕೈಯಿಂದ ಜಾರಿ ಇವುಗಳಲ್ಲಿ ಬಿದ್ದಿದೆ ಎಂದಷ್ಟೇ ತಂಗಿಗೆ ಹೇಳಿದ. ಇಬ್ಬರೂ ಎದುರುಬದುರು ಕೂತು ಸಂಜೆಯವರೆಗೆ ಹೊಲಿಗೆ ಬಿಚ್ಚಿದರು. ಹತ್ತಿಯನ್ನು ಹಿಡಿಹಿಡಿಯಾಗಿ ಹಿಂಜಿ ಅಯಸ್ಕಾಂತಕ್ಕೆ ಹಿಡಿದರು. ತಂಗಿ ಬಲಗೈಯಲ್ಲಿ ಬಿಚ್ಚುತ್ತ, ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು, ಹಲ್ಲು ಕಚ್ಚಿಕೊಂಡಿದ್ದಳು. ಅವಳಿಗೆ ಕೋಪ ಬಂದಿದೆ ಎಂದುಕೊಂಡಳು ಅಕ್ಕ. ಮೂವತ್ತರಲ್ಲೂ ಏನೂ ಸಿಗಲಿಲ್ಲ.

"ನಾಳೆಯಿಂದ ನೀವು ಬರ್ಬೇಡಿ" ಎಂದ ಮೇಲ್ವಿಚಾರಕ, ಅಕ್ಕನಿಗೆ ಮಾತ್ರ. ತಂಗಿಯ ಕೆಲಸ ಉಳಿಯಿತು.

ಮನೆಯ ಮೆಟ್ಟಿಲು ಹತ್ತುವಾಗ ತಂಗಿ ಕುಸಿದು ಕೂತಳು. ಮೈ ಮುಟ್ಟಿದರೆ ಕೆಂಡದ ಹಾಗೆ ಸುಡುತ್ತಿತ್ತು. ಅಕ್ಕ ಅಲ್ಲೇ ಬೆರಳಿನ ಬಟ್ಟೆ ಬಿಚ್ಚಿದಳು. ಬೆರಳು ಊದಿ ಕಪ್ಪಿಟ್ಟಿತ್ತು, ಕೆಂಪು ಗೆರೆಯೊಂದು ಮೊಣಕೈವರೆಗೆ ಹತ್ತಿತ್ತು. "ಇದು ತರಕಾರಿ ಹೆಚ್ಚಿ ಆಗಿದ್ದಲ್ಲ" ಎಂದಳು ಅಕ್ಕ.

ತಂಗಿ ತಲೆ ತಗ್ಗಿಸಿದಳು. ಬೆರಳು ಸೂಜಿಯ ಕೆಳಗೆ ಹೋಗದಂತೆ ಯಂತ್ರಕ್ಕೊಂದು ತಂತಿಯ ಕಾವಲು ಇರುತ್ತದೆ. ಬೇಗ ಬೇಗ ಹೊಲಿಯಲು ಅಡ್ಡ ಎಂದು ಅವಳು ಅದನ್ನು ಕಳಚಿಟ್ಟಿದ್ದಳು. ಸೂಜಿ ಬೆರಳಿನೊಳಗೇ ಇಳಿದು ಮುರಿದಿತ್ತು. ಕಾವಲು ತೆಗೆದವರನ್ನು ಅದೇ ದಿನ ಹೊರಗೆ ಕಳಿಸುತ್ತಾರೆ. ಅದಕ್ಕೇ ಮೊದಲು ಕಾವಲು ಸಿಕ್ಕಿಸಿ, ಆಮೇಲೆ ಕೈಯೆತ್ತಿದ್ದಳು. "ನಿನಗೆ ಹೇಳಿದ್ರೆ ನೀನು ಬರೀತಿದ್ದೆ" ಎಂದಳು.

ಆಸ್ಪತ್ರೆಯಲ್ಲಿ ವೈದ್ಯೆ ಬೆರಳು ಕೊಯ್ದು, ಚಿಮುಟದಲ್ಲಿ ಮೊನೆ ತೆಗೆದು ಬಿಳಿ ತಟ್ಟೆಯಲ್ಲಿ ಹಾಕಿದಳು. ಅಷ್ಟಕ್ಕೇ ಮುಗಿಯಲಿಲ್ಲ. ಕೀವು ಎಲುಬಿಗೆ ಇಳಿದಿದೆ, ಬೆರಳು ಬುಡದವರೆಗೆ ತೆಗೆಯಬೇಕು ಎಂದಳು. ಮೊದಲ ದಿನವೇ ಬಂದಿದ್ದರೆ ಐದು ನಿಮಿಷದ ಕೆಲಸವಾಗಿತ್ತಂತೆ.

ಒಳಗೆ ಕರೆದೊಯ್ಯುವ ಮುಂಚೆ ಅಕ್ಕ ಮಂಚದ ಪಕ್ಕ ಕೂತು ತಂಗಿಯ ಬಲಗೈ ಹಿಡಿದುಕೊಂಡಳು. ಎಷ್ಟೋ ವರ್ಷಗಳ ಮೇಲೆ ಹಾಗೆ ಹಿಡಿದಿದ್ದು.

"ನನಗೆ ಅವತ್ತೇ ಅನುಮಾನ ಬಂದಿತ್ತಕ್ಕ" ಎಂದಳು ತಂಗಿ. ದನಿಯಲ್ಲಿ ಆಕ್ಷೇಪ ಇರಲಿಲ್ಲ. "ಒಳಗೇ ಉಳ್ಕೊಂಡಿದ್ಯೇನೋ ಅಂತ. ಸಂಜೆ ಡಾಕ್ಟರ ಹತ್ರ ಹೋಗ್ಬೇಕು ಅಂದ್ಕೊಂಡಿದ್ದೆ. ಅಷ್ಟರಲ್ಲಿ ನೀನು ಮೊನೆ ಸಿಕ್ತು ಅಂದೆ. ಬೇರೆ ಯಾರೇ ಅಂದಿದ್ರೂ ನಂಬ್ತಿರ್ಲಿಲ್ಲ. ನೀನು ಅಂದ್ಮೇಲೆ ಮುಗೀತು, ಬರೀ ಚುಚ್ಚಿದ ಗಾಯ, ವಾಸಿಯಾಗತ್ತೆ ಅಂತ ಸುಮ್ನಾದೆ."

ಅಕ್ಕ ತಟ್ಟೆಯ ಕಡೆ ನೋಡಲಿಲ್ಲ.

"ಹಾಗಾದ್ರೆ ಅವತ್ತು ನಿನಗೆ ಸಿಕ್ಕಿದ್ದು ಯಾವುದಕ್ಕ?"

"ನನಗೇನೂ ಸಿಕ್ಕಿರ್ಲಿಲ್ಲ" ಎಂದಳು ಅಕ್ಕ.

ದಾದಿ ಬಂದು ಮಂಚದ ಗಾಲಿಯ ಬೀಗ ತೆಗೆದಳು. ತಂಗಿ ಅಕ್ಕನ ಮುಖವನ್ನೇ ನೋಡುತ್ತಿದ್ದಳು, ಮಂಚ ಬಾಗಿಲು ದಾಟುವವರೆಗೂ.